ಒಂದನೇ ಕ್ಲಾಸಿನ ಮೇಡಂ ಎಲ್ಲಿಯವರೆಗೆ ಜೊತೆಗೆ ಬರುತ್ತಾರೆ?

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸಂಶೋಧಕರ ಸಣ್ಣದೊಂದು ತಂಡ ಅರವತ್ತು ಮಂದಿಯನ್ನು ಹುಡುಕಿ ಹಿಡಿಯಿತು. ಎಲ್ಲರೂ ಬೆಳೆದು ದೊಡ್ಡವರಾಗಿ, ಕೆಲಸ, ಸಂಸಾರಗಳಲ್ಲಿ ಮುಳುಗಿದ್ದವರು. ಎಲ್ಲರೂ ಒಂದೇ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿತವರು. ಒಬ್ಬೊಬ್ಬರನ್ನೂ ಮಾತಾಡಿಸುತ್ತ ತಂಡ ಒಂದು ಸರಳವಾದ ಪ್ರಶ್ನೆ ಕೇಳಿತು: ನಿಮಗೆ ಒಂದನೇ ತರಗತಿಯಲ್ಲಿ ಪಾಠ ಹೇಳಿದವರು ಯಾರು? ಶಾಲೆಯ ಹಳೆಯ ದಾಖಲೆ ಕಾರ್ಡುಗಳು ಸಂಶೋಧಕರ ಕೈಯಲ್ಲೇ ಇದ್ದವು. ಸರಿಯುತ್ತರ ಅವರಿಗೆ ಮೊದಲೇ ಗೊತ್ತಿತ್ತು.

ಹಲವರಿಗೆ ಹೆಸರೇ ನೆನಪಾಗಲಿಲ್ಲ. ಸಹಜವೇ. ಆರು ವರ್ಷದವರಿದ್ದಾಗ ಕಂಡ ಮುಖ, ಬದುಕಿನ ಅಷ್ಟೆಲ್ಲ ಗದ್ದಲ ಹಾದುಹೋದ ಮೇಲೆ ಯಾರಿಗೆ ನೆನಪಿರುತ್ತದೆ? ಆದರೆ ಒಬ್ಬ ಟೀಚರ್ ಬಳಿ ಕಲಿತವರ ಸರದಿ ಬಂದಾಗ ಲೆಕ್ಕ ಬದಲಾಯಿತು. ಅವರಲ್ಲಿ ಮರೆತವರು ಒಬ್ಬರೂ ಇರಲಿಲ್ಲ. ಪ್ರತಿಯೊಬ್ಬರೂ, ಹೌದು, ಪ್ರತಿಯೊಬ್ಬರೂ ಆಕೆಯ ಹೆಸರನ್ನು ಸರಿಯಾಗಿ ಹೇಳಿದರು! ಅಷ್ಟಕ್ಕೇ ಬೆರಗಾಗುವವರು ಇನ್ನೂ ಸ್ವಲ್ಪ ತಾಳಿಕೊಳ್ಳಬೇಕು. ಆಕೆಯ ತರಗತಿಯಲ್ಲಿ ಒಂದು ದಿನವೂ ಕೂರದಿದ್ದ ಕೆಲವರು ಕೂಡ ಆಕೆಯ ಹೆಸರನ್ನೇ ಹೇಳಿಬಿಟ್ಟರು. ಕಾರ್ಡು ತೆಗೆದು ನೋಡಿದರೆ ಅವರ ಟೀಚರ್ ಬೇರೆ ಯಾರೋ. ಸುಳ್ಳು ಹೇಳಿ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ. ಪಕ್ಕದ ಕೋಣೆಯ ಆ ಮೇಡಂ ನಮಗೆ ಸಿಕ್ಕಿದ್ದರೆ ಎಂಬ ಬಾಲ್ಯದ ಆಸೆಯೇ ವರ್ಷಗಳು ಉರುಳಿದಂತೆ ಸಿಕ್ಕಿದ್ದರು ಎಂಬ ನೆನಪಾಗಿ ಮಾಗಿಬಿಟ್ಟಿರಬೇಕು.

ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತು. ಒಬ್ಬ ಶಿಕ್ಷಕಿ ತಾನು ಕಲಿಸಿದ ಮಕ್ಕಳ ನೆನಪಿನಲ್ಲಿ ಉಳಿಯುವುದು ದೊಡ್ಡದು. ಕಲಿಸದೇ ಇದ್ದ ಮಕ್ಕಳ ನೆನಪಿನಲ್ಲೂ ಜಾಗ ಪಡೆದುಕೊಂಡರೆ ಅದಕ್ಕೆ ಏನನ್ನೋಣ!

ಈ ಅಧ್ಯಯನ ಪ್ರಕಟವಾದದ್ದು 1978ರಲ್ಲಿ, ‘ಹಾರ್ವರ್ಡ್ ಎಜುಕೇಷನಲ್ ರಿವ್ಯೂ’ ಎಂಬ ನಿಯತಕಾಲಿಕದಲ್ಲಿ. ಬರೆದವರು ಐಗಿಲ್ ಪೆಡರ್ಸನ್, ತೆರೇಸ್ ಫೋಶೆ ಮತ್ತು ವಿಲಿಯಂ ಈಟನ್. ಸಂಶೋಧನೆಯ ಪದ್ಧತಿಯಂತೆ ಆ ಶಿಕ್ಷಕಿಯ ನಿಜವಾದ ಹೆಸರನ್ನು ಮರೆಮಾಡಿ ‘ಮಿಸ್ ಎ’ ಎಂದು ಕರೆದರು. ಹಾಗಾಗಿ ಶಿಕ್ಷಣಶಾಸ್ತ್ರದ ಜಗತ್ತು ಆಕೆಯನ್ನು ಇವತ್ತಿಗೂ ಒಂದೇ ಒಂದು ಅಕ್ಷರದಿಂದ ಗುರುತಿಸುತ್ತದೆ. ಅಕ್ಷರ ಕಲಿಸಿದವಳಿಗೆ ಉಳಿದದ್ದು ಅಕ್ಷರಮಾಲೆಯ ಮೊದಲ ಅಕ್ಷರ!

ಆ ಶಾಲೆಯೋ, ಯಾರೂ ಆಸೆಪಟ್ಟು ಮಕ್ಕಳನ್ನು ಸೇರಿಸುವಂಥದ್ದಲ್ಲ. ನಗರದ ಅತ್ಯಂತ ಬಡ ಬಡಾವಣೆಗಳಲ್ಲೊಂದು. ಕೋಟೆಯಂಥ ಹಳೆಯ ಕಟ್ಟಡ, ಸುತ್ತ ಇಕ್ಕಟ್ಟಾದ ವಠಾರಗಳು, ಹತ್ತಿರದಲ್ಲೇ ಗುಜರಿ ಅಂಗಳ. ಹುಡುಗರ ನಡುವೆ ಹೊಡೆದಾಟ, ಮೇಷ್ಟರುಗಳ ಕೈಯಲ್ಲಿ ಚರ್ಮದ ಪಟ್ಟಿ. ಅಲ್ಲಿಂದ ಹೊರಟು ಹೈಸ್ಕೂಲಿನ ಕೊನೆಯ ಮೆಟ್ಟಿಲು ಮುಟ್ಟಿದವರು ಕಡಿಮೆ. ಪೆಡರ್ಸನ್‌ಗೆ ಇದೆಲ್ಲ ಯಾರೋ ಹೇಳಿ ತಿಳಿಯಬೇಕಾಗಿರಲಿಲ್ಲ. ಅವರೂ ಹುಡುಗನಾಗಿದ್ದಾಗ ಅದೇ ಶಾಲೆಯಲ್ಲಿ ಓದಿದವರು. ಮುಂದೆ ಅದೇ ಶಾಲೆಯಲ್ಲಿ ಪಾಠ ಮಾಡಿದವರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಮೇಲೆ ಅವರು ತಿರುಗಿ ನೋಡಿದ್ದು ತಮ್ಮದೇ ಬಾಲ್ಯದ ಅಂಗಳವನ್ನು.

ಕಾಲವನ್ನೂ ಗಮನಿಸಬೇಕು. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ನೇತೃತ್ವದ ಬೃಹತ್ ವರದಿಯೊಂದು ಬಂದಿತ್ತು. ಸುಮಾರು ಆರು ಲಕ್ಷ ಮಕ್ಕಳನ್ನು ಅಳೆದು ತೂಗಿದ ವರದಿ. ಅದನ್ನು ಓದಿದ ಬಹುತೇಕರು ಹಿಡಿದುಕೊಂಡ ಅರ್ಥ ಒಂದೇ: ಮಗುವಿನ ಭವಿಷ್ಯ ನಿರ್ಧಾರವಾಗುವುದು ಮನೆಯಲ್ಲಿ, ಅಪ್ಪ ಅಮ್ಮನ ಅಂತಸ್ತಿನಲ್ಲಿ, ಶಾಲೆ ಅದರ ಮುಂದೆ ಏನೂ ಅಲ್ಲ. ಹಣೆಬರಹಕ್ಕೆ ಅಂಕಿಸಂಖ್ಯೆಯ ಮೊಹರು ಬಿದ್ದಂತಾಯಿತು. ಇಂಥ ಹೊತ್ತಿನಲ್ಲಿ ಪೆಡರ್ಸನ್ ತಮ್ಮ ಶಾಲೆಯ ಹಳೆಯ ಕಾರ್ಡುಗಳನ್ನು ಹರಡಿಕೊಂಡು ಕೂತರು. ಒಬ್ಬೊಬ್ಬ ಮಗುವಿನ ಬುದ್ಧಿಮಾಪನದ ಅಂಕ ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂದು ಹುಡುಕುತ್ತ ಹೋದಾಗ, ಏರಿದವರ ಸಾಲಿನಲ್ಲಿ ಒಂದೇ ತರಗತಿಯ ಮಕ್ಕಳು ಮತ್ತೆ ಮತ್ತೆ ಕಣ್ಣಿಗೆ ಬೀಳತೊಡಗಿದರು. ಅದು ಮಿಸ್ ಎ ಅವರ ಒಂದನೇ ತರಗತಿ!

ಅಲ್ಲಿಂದ ಮುಂದಿನದ್ದು ಪತ್ತೇದಾರಿ ಕೆಲಸ. ಆ ಮಕ್ಕಳು ಈಗ ಎಲ್ಲಿದ್ದಾರೆ? ಎಷ್ಟು ಓದಿದರು, ಯಾವ ಉದ್ಯೋಗ ಹಿಡಿದರು, ಎಂಥ ಮನೆಯಲ್ಲಿ ವಾಸವಾಗಿದ್ದಾರೆ? ಇವನ್ನೆಲ್ಲ ಕೂಡಿಸಿ ಸಂಶೋಧಕರು ಮೂರು ಮಟ್ಟಗಳನ್ನು ಮಾಡಿಕೊಂಡರು: ಮೇಲಿನದು, ನಡುವಿನದು, ಕೆಳಗಿನದು. ಮಾತಿಗೆ ಸಿಕ್ಕ ಮಿಸ್ ಎ ಶಿಷ್ಯರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಮೇಲಿನ ಮಟ್ಟದಲ್ಲಿದ್ದರು. ಉಳಿದ ಟೀಚರುಗಳ ಶಿಷ್ಯರಲ್ಲಿ ಆ ಪ್ರಮಾಣ ಇದರ ಅರ್ಧಕ್ಕಿಂತಲೂ ಕಡಿಮೆ. ಇನ್ನು ಕೆಳಗಿನ ಮಟ್ಟದಲ್ಲಿ ಮಿಸ್ ಎ ಶಿಷ್ಯರು ಎಷ್ಟು ಮಂದಿ? ಒಬ್ಬರೂ ಇಲ್ಲ!

ಅದೇ ಬಡಾವಣೆ, ಅದೇ ವಠಾರಗಳು, ಅದೇ ಕೋಟೆಯಂಥ ಕಟ್ಟಡ. ಹೆಚ್ಚು ಅನುಕೂಲಸ್ಥರ ಮಕ್ಕಳೇ ಆಕೆಯ ತರಗತಿಗೆ ಹೋಗುತ್ತಿದ್ದಿರಬಹುದೇ ಎಂಬ ಅನುಮಾನ ಯಾರಿಗೂ ಬರುತ್ತದೆ. ಪೆಡರ್ಸನ್‌ಗೂ ಬಂತು. ಮನೆಯ ಹಿನ್ನೆಲೆಯನ್ನು ತೂಗಿ ನೋಡಿದರು. ಆ ವಿವರಣೆ ನಿಲ್ಲಲಿಲ್ಲ. ಅರವತ್ತು ಜನ ಎಂಬುದು ಸಣ್ಣ ಸಂಖ್ಯೆ, ಒಂದೇ ಶಾಲೆಯ ಕಥೆಯಿಂದ ಲೋಕಕ್ಕೆಲ್ಲ ಸಲ್ಲುವ ನಿಯಮ ಹೊರಡುವುದಿಲ್ಲ, ನಿಜ. ಆದರೆ ಇಂಥ ಒಂದು ಕೋಣೆ ಇತ್ತು ಎನ್ನುವುದೇ ಸಾಕಷ್ಟು ದೊಡ್ಡ ಸುದ್ದಿ.

ಹಾಗಾದರೆ ಆಕೆ ಮಾಡುತ್ತಿದ್ದದ್ದೇನು? ಏನು ಮಂತ್ರ? ಏನು ವಿಧಾನ?

ಜೊತೆಯಲ್ಲಿ ಕೆಲಸ ಮಾಡಿದ ಹಳೆಯ ಶಿಕ್ಷಕರನ್ನು ಕೇಳಿದರು. ಸಿಕ್ಕ ಉತ್ತರಗಳನ್ನು ನೋಡಿ. ಶಾಲೆ ಬಿಟ್ಟ ಮೇಲೂ ಆಕೆ ನಿಲ್ಲುತ್ತಿದ್ದರಂತೆ, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮಧ್ಯಾಹ್ನದ ಊಟ ತರದ ಮಗುವಿಗೆ ತನ್ನ ಡಬ್ಬಿಯಿಂದಲೇ ತೆಗೆದು ಕೊಡುತ್ತಿದ್ದರಂತೆ. ಇಪ್ಪತ್ತು ವರ್ಷ ಕಳೆದ ಮೇಲೆ ಎದುರಾದ ಶಿಷ್ಯರನ್ನೂ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಪಾಠದ ಹೊಸ ಹೊಸ ವಿಧಾನಗಳು ಬಂದಾಗ ಅವನ್ನೂ ಕಲಿತು ಒಗ್ಗಿಸಿಕೊಂಡರಂತೆ. ಆಕೆ ಹೇಗೆ ಪಾಠ ಮಾಡುತ್ತಿದ್ದರು ಎಂದು ಕೇಳಿದರೆ, ತುಂಬಾ ಪ್ರೀತಿಯಿಂದ ಎಂಬುದೇ ಸಹೋದ್ಯೋಗಿಯೊಬ್ಬರ ಉತ್ತರ.

ಇಲ್ಲಿಗೆ ನಿಂತಿದ್ದರೆ ಇದು ಸಿಹಿಯಾದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಆ ಹಳಬರು ಹೇಳಿದ ಇನ್ನೊಂದು ಮಾತಿನ ಮೇಲೆ ನನ್ನ ಕಣ್ಣು ನೆಟ್ಟುಹೋಗಿದೆ. ಮಗು ಯಾವ ಮನೆಯಿಂದಲೇ ಬಂದಿರಲಿ, ಎಷ್ಟೇ ಮಂಕಾಗಿರಲಿ, ಆಕೆಯ ತರಗತಿಯಲ್ಲಿದ್ದ ಮೇಲೆ ವರ್ಷ ಮುಗಿಯುವುದರೊಳಗೆ ಓದಲು ಕಲಿಯದೆ ಇರಲು ಸಾಧ್ಯವೇ ಇರಲಿಲ್ಲವಂತೆ. ಆಕೆ ಬಿಡುತ್ತಲೇ ಇರಲಿಲ್ಲ! ಊಟ ಹಂಚಿಕೊಂಡ ಕೈಯೇ ಪುಸ್ತಕ ತೆರೆದು ಬೆರಳಿಟ್ಟು ಓದು ಎನ್ನುತ್ತಿತ್ತು. ಓದುವತನಕ ಎನ್ನುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಮೇಷ್ಟರ ಬಗ್ಗೆ ಹೇಳುವಾಗ ‘ಅವರು ಬಿಡ್ಲಿಲ್ಲ ಸಾರ್ ನಮ್ಮನ್ನ’ ಎನ್ನುತ್ತಾರಲ್ಲ, ಆ ಬಿಡದಿರುವಿಕೆ. ಅಕ್ಕರೆಯ ಆ ಹಠವೇ ಈ ಇಡೀ ರಹಸ್ಯದ ತಿರುಳು ಎಂದು ನನಗೆ ಅನ್ನಿಸುತ್ತ ಹೋಗಿದೆ. ಮುಂದೆ ಹೇಳಲಿರುವ ಸಂಶೋಧನೆಗಳನ್ನು ಓದಿದಷ್ಟೂ ಆ ಅನ್ನಿಸಿಕೆ ಬಲವಾಗಿದೆ.

ಆದರೆ ಒಂದು ದೊಡ್ಡ ಒಗಟು ಇನ್ನೂ ಹಾಗೇ ಇದೆ. ಆರನೇ ವಯಸ್ಸಿನಲ್ಲಿ ಕಲಿತ ಕೂಡುವ ಕಳೆಯುವ ಲೆಕ್ಕ ಒಬ್ಬ ಮನುಷ್ಯನ ಮೂವತ್ತರ ಹರೆಯದ ಸಂಬಳವನ್ನು ಹೇಗೆ ಬದಲಿಸೀತು? ನಡುವೆ ಹತ್ತಾರು ಶಿಕ್ಷಕರು ಬಂದುಹೋಗುತ್ತಾರೆ, ಮನೆ ಬದಲಾಗುತ್ತದೆ, ಸ್ನೇಹಿತರು ಬದಲಾಗುತ್ತಾರೆ. ಆ ಒಂದು ವರ್ಷ ಅಷ್ಟು ದೂರ ಕೈ ಚಾಚಲು ಸಾಧ್ಯವೇ?

ಉತ್ತರಕ್ಕೆ ಮಾಂಟ್ರಿಯಲ್‌ನಿಂದ ಅಮೆರಿಕದ ಟೆನೆಸ್ಸೀ ರಾಜ್ಯಕ್ಕೆ ಹೋಗಬೇಕು. 1985ರಲ್ಲಿ ಅಲ್ಲಿ ‘ಸ್ಟಾರ್’ ಎಂಬ ಪ್ರಯೋಗ ಶುರುವಾಯಿತು. 79 ಶಾಲೆಗಳು, 11,571 ಮಕ್ಕಳು. ಯಾವ ಮಗು ಯಾವ ತರಗತಿಗೆ, ಯಾವ ಟೀಚರ್ ಬಳಿಗೆ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟರು. ಮೂಲ ಉದ್ದೇಶ ತರಗತಿ ಚಿಕ್ಕದಾದರೆ ಕಲಿಕೆ ಹೆಚ್ಚುತ್ತದೆಯೇ ಎಂದು ನೋಡುವುದು. ಪೆಡರ್ಸನ್ ಬಿಡಿಸಿಕೊಳ್ಳಬೇಕಾಗಿದ್ದ ಅನುಮಾನ ಇಲ್ಲಿ ಹುಟ್ಟುವುದೇ ಇಲ್ಲ. ಶ್ರೀಮಂತರ ಮಗುವಿಗೆ ಒಳ್ಳೆಯ ಟೀಚರ್ ಎಂಬ ಏರ್ಪಾಡಿಗೆ ದಾರಿಯೇ ಇರಲಿಲ್ಲ. ವರ್ಷಗಳು ಕಳೆದವು, ಮಕ್ಕಳು ದೊಡ್ಡವರಾಗಿ ತೆರಿಗೆ ಕಟ್ಟತೊಡಗಿದರು. ಆಗ ನವದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಆ ಹಳೆಯ ತರಗತಿ ಪಟ್ಟಿಗಳನ್ನೂ ತೆರಿಗೆ ದಾಖಲೆಗಳನ್ನೂ ಹೆಸರು ಬಯಲಾಗದಂತೆ ಒಂದಕ್ಕೊಂದು ಜೋಡಿಸಿ ನೋಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಶಿಶುವಿಹಾರದಲ್ಲಿ ಒಳ್ಳೆಯ ತರಗತಿ ಸಿಕ್ಕ ಮಕ್ಕಳು ಆ ವರ್ಷದ ಕೊನೆಯ ಪರೀಕ್ಷೆಯಲ್ಲಿ ಮುಂದಿದ್ದರು. ಅದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಆ ಮುನ್ನಡೆ ಕರಗುತ್ತ ಬಂತು. ಎಂಟನೇ ತರಗತಿಯ ಹೊತ್ತಿಗೆ ಅಂಕಪಟ್ಟಿಯಲ್ಲಿ ಅದರ ಕುರುಹೇ ಇರಲಿಲ್ಲ. ಅಲ್ಲಿಗೆ ಲೆಕ್ಕ ಮುಚ್ಚಿದ್ದರೆ, ಆರಂಭದ ಟೀಚರ್ ಯಾರಾದರೇನು, ಕೊನೆಗೆ ಎಲ್ಲ ಒಂದೇ ಎಂದು ವರದಿ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಇಪ್ಪತ್ತೈದರಿಂದ ಇಪ್ಪತ್ತೇಳರ ವಯಸ್ಸಿಗೆ ಬಂದು ನೋಡಿದರೆ, ಅದೇ ಮಕ್ಕಳ ಗಳಿಕೆಯಲ್ಲಿ ಆ ಶಿಶುವಿಹಾರದ ಗುರುತು ಮತ್ತೆ ಎದ್ದು ನಿಂತಿತ್ತು! ಅನುಭವಸ್ಥ ಟೀಚರ್ ಸಿಕ್ಕ ಮಕ್ಕಳು ಸರಾಸರಿಯಲ್ಲಿ ಹೆಚ್ಚು ಗಳಿಸುತ್ತಿದ್ದರು.

ಚಳ್ಳಕೆರೆ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೇಸಿಗೆಯಲ್ಲಿ ವೇದಾವತಿಯ ಪಾತ್ರದಲ್ಲಿ ನಿಂತರೆ ಕಣ್ಣು ಹಾಯುವಷ್ಟೂ ಒಣ ಮರಳು. ಹೊಸಬರು ಇಲ್ಲಿ ನದಿಯೇ ಇಲ್ಲ ಎಂದು ಹೊರಟುಹೋಗುತ್ತಾರೆ. ಬಲ್ಲವರು ಕೂತು ಕೈಯಿಂದ ಮರಳು ತೋಡುತ್ತಾರೆ, ಒರತೆ ಜಿನುಗುತ್ತದೆ. ಎಂಟನೇ ತರಗತಿಯ ಅಂಕಪಟ್ಟಿ ಆ ಮೇಲಿನ ಮರಳು.

ಕೆಳಗೆ ಹರಿಯುತ್ತಿದ್ದದ್ದೇನು? ಚೆಟ್ಟಿ ತಂಡದ ಬಳಿ ಅದಕ್ಕೂ ಸುಳಿವು ಇತ್ತು. ನಾಲ್ಕನೇ ಮತ್ತು ಎಂಟನೇ ತರಗತಿಯಲ್ಲಿ ಬೇರೆ ಶಿಕ್ಷಕರು ಈ ಮಕ್ಕಳ ನಡವಳಿಕೆಯನ್ನು ಗುರುತು ಹಾಕಿದ್ದರು: ಶ್ರಮ ಹಾಕುತ್ತಾನೆಯೇ, ತಾನಾಗಿ ಮುಂದೆ ಬರುತ್ತಾಳೆಯೇ, ತರಗತಿಯಲ್ಲಿ ಗಲಾಟೆ ಮಾಡದೆ ಇರುತ್ತಾನೆಯೇ ಎಂದು. ಅಂಕಗಳ ಮುನ್ನಡೆ ಕರಗಿದಾಗಲೂ ಇವು ಕರಗಿರಲಿಲ್ಲ. ಅಂದರೆ ಶಿಶುವಿಹಾರದ ಆ ಟೀಚರ್ ಕಲಿಸಿದ ಅಕ್ಷರವನ್ನು ಉಳಿದ ಮಕ್ಕಳೂ ಹೇಗೋ ಕೆಲವು ವರ್ಷಗಳಲ್ಲಿ ಕಲಿತು ಸಮಸಮಕ್ಕೆ ಬಂದರು. ಕೂತು ಕೆಲಸ ಮಾಡುವ ಮನಸ್ಸು ಮಾತ್ರ ಅವಳ ಮಕ್ಕಳಲ್ಲಿ ಹೆಚ್ಚಾಗಿಯೇ ಉಳಿಯಿತು. ಸಂಬಳ ಕೊಡುವವರು ಬೆಲೆ ಕಟ್ಟಿದ್ದು ಅದಕ್ಕೆ.

ಇದನ್ನು ಓದಿ ಪೆಡರ್ಸನ್ ಪ್ರಬಂಧಕ್ಕೆ ಮರಳಿದರೆ ಅಲ್ಲೂ ಅದೇ ಸುಳಿವು ಮೂವತ್ತಮೂರು ವರ್ಷ ಮೊದಲೇ ಕಾದು ಕೂತಿತ್ತು! ಮಿಸ್ ಎ ಒಂದನೇ ತರಗತಿಯಿಂದ ನೇರವಾಗಿ ಯಾರಿಗೂ ಉದ್ಯೋಗ ಕೊಡಿಸಲಿಲ್ಲ ಎಂದು ಅವರ ವಿಶ್ಲೇಷಣೆ ತೋರಿಸಿತ್ತು. ಆಕೆ ಕೊಟ್ಟದ್ದು ಒಂದು ಒಳ್ಳೆಯ ಆರಂಭ. ಚೆನ್ನಾಗಿ ಓದುವ ಮಗು ಎಂಬ ಹೆಸರು, ನನ್ನಿಂದ ಆಗುತ್ತದೆ ಎಂಬ ನಂಬಿಕೆ, ಪಟ್ಟುಹಿಡಿದು ಕೂರುವ ರೂಢಿ. ಎರಡನೇ ತರಗತಿಯ ಟೀಚರ್ ಅಂಥ ಮಗುವನ್ನು ನೋಡುವ ಬಗೆಯೇ ಬೇರೆ. ಅದರಿಂದ ಮಗು ತನ್ನನ್ನು ನೋಡಿಕೊಳ್ಳುವ ಬಗೆಯೂ ಬೇರೆ. ಹೀಗೆ ವರ್ಷದ ಮೇಲೆ ವರ್ಷ ಪೇರಿಸುತ್ತ ಹೋಗಿ, ಕೊನೆಗೊಂದು ದಿನ ಆ ಮಗು ತಾನು ಹುಟ್ಟಿದ ವಠಾರದಿಂದ ಬಹುದೂರ ಬಂದಿರುತ್ತದೆ.

ಅಂಕಕ್ಕೆ ಸಿಗದ ಈ ಗುಣಗಳನ್ನು ಕಲಿಸುವ ಶಿಕ್ಷಕರನ್ನು ಗುರುತಿಸಲು ಬರುತ್ತದೆಯೇ? ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆಯದ್ದು. ನಾರ್ತ್ ಕ್ಯಾರೊಲಿನಾದ ಒಂಬತ್ತನೇ ತರಗತಿಯ ಲಕ್ಷಗಟ್ಟಲೆ ಮಕ್ಕಳ ದಾಖಲೆಗಳಲ್ಲಿ ಅವರು ಪರೀಕ್ಷೆಯ ಅಂಕದ ಜೊತೆ ಗೈರುಹಾಜರಿ, ಅಮಾನತು, ಮುಂದಿನ ತರಗತಿಗೆ ಸಕಾಲದಲ್ಲಿ ದಾಟಿದರೇ ಎಂಬುದನ್ನೂ ಎತ್ತಿಕೊಂಡರು. ಮಕ್ಕಳ ಅಂಕ ಏರಿಸುವ ಶಿಕ್ಷಕರೇ ಬೇರೆ, ಮಕ್ಕಳು ಶಾಲೆಗೆ ತಪ್ಪದೆ ಬರುವಂತೆ ಮಾಡುವ, ನಡತೆ ತಿದ್ದುವ ಶಿಕ್ಷಕರೇ ಬೇರೆ. ಬಹಳಷ್ಟು ಸಲ ಇಬ್ಬರೂ ಒಬ್ಬರೇ ಆಗಿರಲಿಲ್ಲ. ಹೈಸ್ಕೂಲು ಮುಗಿಸುವಂತೆ ಮಾಡುವುದರಲ್ಲಿ ಎರಡನೆಯವರ ಪ್ರಭಾವವೇ ಹೆಚ್ಚು. ಫಲಿತಾಂಶ ಶೇಕಡಾ ನೂರು ಎಂದು ಫ್ಲೆಕ್ಸ್ ಕಟ್ಟುವ ನಮ್ಮ ಕಾಲದಲ್ಲಿ ಯಾವ ಫ್ಲೆಕ್ಸಿನಲ್ಲೂ ಹೆಸರು ಬಾರದ ಶಿಕ್ಷಕರು ಇವರು. ಅವರ ಬಗ್ಗೆ ನನಗೆ ಅಪಾರ ಗೌರವ.

ಹಠ ಎಂದೆನಲ್ಲ, ಅದಕ್ಕೆ ಬರುತ್ತೇನೆ. 2014ರಲ್ಲಿ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮುಂತಾದವರು ಪ್ರಕಟಿಸಿದ ಪ್ರಯೋಗ ಎಷ್ಟು ಸಣ್ಣದೆಂದರೆ ಅದರ ಮುಖ್ಯ ಉಪಕರಣ ಅಂಟಿಸುವ ಒಂದು ಚೀಟಿ. ಏಳನೇ ತರಗತಿಯ 44 ಮಕ್ಕಳು ತಾವು ಮೆಚ್ಚುವ ವ್ಯಕ್ತಿಯ ಬಗ್ಗೆ ಪ್ರಬಂಧ ಬರೆದರು. ಶಿಕ್ಷಕರು ಎಂದಿನಂತೆ ಕಟ್ಟುನಿಟ್ಟಾಗಿ ತಿದ್ದಿದರು. ಹಿಂದಿರುಗಿಸುವಾಗ ಪ್ರತಿ ಪ್ರಬಂಧದ ಮೇಲೂ ಒಂದು ಚೀಟಿ. ಅರ್ಧದಷ್ಟು ಮಕ್ಕಳ ಚೀಟಿಯಲ್ಲಿ ಸಾಧಾರಣ ಮಾತು: ನಿಮಗೆ ತಿಳಿಯಲೆಂದು ತಿದ್ದಿದ್ದೇನೆ ಎಂಬಂಥದ್ದು. ಇನ್ನರ್ಧಕ್ಕೆ ಬೇರೆ: ನಿನ್ನಿಂದ ತುಂಬಾ ದೊಡ್ಡದನ್ನು ನಿರೀಕ್ಷಿಸುತ್ತೇನೆ, ಅದನ್ನು ನೀನು ಮುಟ್ಟಬಲ್ಲೆ ಎಂದು ಬಲ್ಲೆ, ಅದಕ್ಕೇ ತಿದ್ದಿದ್ದೇನೆ ಎಂಬ ಅರ್ಥದ ಮಾತು. ಯಾರಿಗೆ ಯಾವ ಚೀಟಿ ಹೋಯಿತೆಂದು ಶಿಕ್ಷಕರಿಗೂ ಗೊತ್ತಿರಲಿಲ್ಲ. ಬೇಕಿದ್ದರೆ ಮತ್ತೆ ಬರೆದು ತನ್ನಿ, ಬಲವಂತವಿಲ್ಲ ಎಂದರು. ಶಾಲೆಯಲ್ಲಿ ತಮ್ಮನ್ನು ಕೀಳಾಗಿ ಕಾಣುತ್ತಾರೇನೋ ಎಂಬ ಅನುಮಾನ ಬೆಳೆಸಿಕೊಳ್ಳಲು ಕಾರಣವಿದ್ದ ಕಪ್ಪು ವರ್ಣೀಯ ಮಕ್ಕಳಲ್ಲಿ, ಸಾಧಾರಣ ಚೀಟಿ ಸಿಕ್ಕಾಗ ಮತ್ತೆ ಬರೆದು ತಂದವರು ಶೇ. 17. ಎರಡನೆಯ ಚೀಟಿ ಸಿಕ್ಕಾಗ ಶೇ. 72!

ಒಂದು ಚೀಟಿ! ಹಾಗಾದರೆ ಒಂದು ಇಡೀ ವರ್ಷ, ದಿನಾ ಸಂಜೆ, ಪಕ್ಕದಲ್ಲಿ ಕೂತು, ಊಟ ಹಂಚಿಕೊಂಡು, ನೀನು ಓದಿಯೇ ಓದುತ್ತೀಯ ಎಂದು ಮಿಸ್ ಎ ತನ್ನ ಇರವಿನಿಂದಲೇ ಹೇಳುತ್ತಿದ್ದ ಆ ಮಾತಿನ ತೂಕ ಎಷ್ಟಿದ್ದೀತು? ಬರೀ ಮುದ್ದು ಮಾಡಿದ್ದರೆ ಆ ಮಕ್ಕಳಿಗೆ ಅದು ಕನಿಕರವಾಗಿ ಕಾಣುತ್ತಿತ್ತು. ಬರೀ ಗದರಿದ್ದರೆ ಆ ಶಾಲೆಯಲ್ಲಿ ಚರ್ಮದ ಪಟ್ಟಿಗೆ ಕೊರತೆ ಇರಲಿಲ್ಲ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದವರು ಅಪರೂಪ, ಮತ್ತು ಮಕ್ಕಳಿಗೆ ಆ ವ್ಯತ್ಯಾಸ ಆರನೇ ವಯಸ್ಸಿನಲ್ಲೇ ತಿಳಿಯುತ್ತದೆ.

ಈ ಬೆಳಕಿನಲ್ಲಿ ನಮ್ಮದೇ ಮನೆಯ ಒಂದು ಕಥೆಯನ್ನು ಮತ್ತೆ ನೋಡಿದಾಗ ನನಗಾದ ಸಂಭ್ರಮ ಹೇಳತೀರದು. ಕನ್ನಡ ಸಾಹಿತ್ಯ ಓದಿದವರಿಗೆ ಟಿ.ಎಸ್. ವೆಂಕಣ್ಣಯ್ಯನವರ ಹೆಸರು ಹೊಸದಲ್ಲ. 1885ರಲ್ಲಿ ಹುಟ್ಟಿದವರು, ಅದೇ ಚಳ್ಳಕೆರೆ ಸೀಮೆಯ ತಳುಕಿನವರು. ಆಜಾನುಬಾಹು ಆಳು. ಗೆಳೆಯ ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿಸಿ ಇವರನ್ನು ಕನ್ನಡದ ಅಶ್ವಿನೀ ದೇವತೆಗಳು ಎನ್ನುತ್ತಿದ್ದರು. ಮೈಸೂರು ವಿಶ್ವವಿದ್ಯಾಲಯ 1916ರಲ್ಲೇ ಹುಟ್ಟಿದ್ದರೂ ಅಲ್ಲಿ ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ಹೊಸ ತರಗತಿ, ಓದಿ ಹೊರಬಂದರೆ ಕೆಲಸ ಸಿಗುವ ಭರವಸೆ ಇಲ್ಲ. ಆಗ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದ ಮಲೆನಾಡಿನ ಒಬ್ಬ ತರುಣನ ಮನಸ್ಸು ತತ್ವಶಾಸ್ತ್ರದ ಕಡೆಗಿತ್ತು. ಅವನನ್ನು ಕನ್ನಡದ ಕಡೆಗೆ ತಿರುಗಿಸಿದವರು ವೆಂಕಣ್ಣಯ್ಯ. ಆ ತರುಣ ಕುವೆಂಪು!

ಒಂದು ಕ್ಷಣ ನಿಂತು ಯೋಚಿಸಿ. ಮೇಷ್ಟರಿಗೆ ಆ ದಿನ ಸುಮ್ಮನಿರುವ ಸ್ವಾತಂತ್ರ್ಯವಿತ್ತು. ನಿನ್ನಿಷ್ಟ ಎನ್ನಬಹುದಿತ್ತು.

ವೆಂಕಣ್ಣಯ್ಯನವರು ತಮ್ಮ ಹೆಸರಿನಲ್ಲಿ ಬಿಟ್ಟುಹೋದ ಪುಸ್ತಕಗಳು ಹೆಚ್ಚಿಲ್ಲ. ಗ್ರಂಥಾಲಯದ ಕಪಾಟಿನಲ್ಲಿ ಹುಡುಕುವವರಿಗೆ ಅಲ್ಲಿ ಕಾಣುವುದು ಬಹುಪಾಲು ಮರಳು. ಅವರ ಕೈಕೆಳಗೆ ಕಲಿತವರನ್ನು ನೋಡಬೇಕು. ಆ ಆರಂಭದ ವರ್ಷಗಳ ವಿದ್ಯಾರ್ಥಿಗಳಲ್ಲಿ ಕುವೆಂಪು ಒಬ್ಬರಾದರೆ, ಮುಂದೆ ‘ವಡ್ಡಾರಾಧನೆ’ಯನ್ನು ಸಂಪಾದಿಸಿ ಕನ್ನಡಿಗರ ಕೈಗಿತ್ತ ಡಿ.ಎಲ್. ನರಸಿಂಹಾಚಾರ್ ಇನ್ನೊಬ್ಬರು. ಒಬ್ಬ ಕವಿ, ಒಬ್ಬ ವಿದ್ವಾಂಸ. ಸ್ವಭಾವದಲ್ಲಿ ಉತ್ತರ ದಕ್ಷಿಣ. ಇಬ್ಬರನ್ನೂ ಅವರವರ ದಾರಿಯಲ್ಲಿ ಬೆಳೆಯಲು ಬಿಟ್ಟ ಗುರು ಒಬ್ಬರೇ.

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಕೂತದ್ದು 1936ರಲ್ಲಿ. 1939ರಲ್ಲಿ ವೆಂಕಣ್ಣಯ್ಯ ತೀರಿಕೊಂಡರು. ಕಾವ್ಯ ಇನ್ನೂ ಬಹಳ ಉಳಿದಿತ್ತು. ಮುಗಿಸಿದ್ದು ಅದಾಗಿ ಏಳು ವರ್ಷಕ್ಕೆ, ಅಚ್ಚಾದದ್ದು 1949ರಲ್ಲಿ, ಗುರು ಹೋಗಿ ಹತ್ತು ವರ್ಷ ಕಳೆದ ಮೇಲೆ. ಆ ಮಹಾಕಾವ್ಯದ ಮೊದಲ ಪುಟಗಳನ್ನು ತೆರೆದರೆ ಅರ್ಪಣೆ ಯಾರಿಗಿದೆ? ವೆಂಕಣ್ಣಯ್ಯನವರಿಗೆ. ಅದೂ ಒಂದು ಸಾಲಿನ ಉಪಚಾರವಲ್ಲ. ಪದ್ಯರೂಪದಲ್ಲಿ, ಗುರು ಎದುರಿಗೇ ಕೂತಿದ್ದಾರೆ ಎಂಬಂತೆ ಅವರನ್ನು ಕರೆದು, ಕೊಟ್ಟ ಮಾತು ಉಳಿಸಿಕೊಂಡ ಶಿಷ್ಯನ ಸಡಗರದಲ್ಲಿ ಮಾತಾಡುತ್ತಾರೆ ಕುವೆಂಪು. ಹತ್ತು ವರ್ಷ ಹಿಂದೆ ಇಲ್ಲವಾದವರಿಗೆ ವರದಿ ಒಪ್ಪಿಸಬೇಕೆಂದು ಆ ಹೊತ್ತಿಗೆ ತಾನೇ ಪ್ರಾಧ್ಯಾಪಕನಾಗಿದ್ದ, ನಾಡೇ ಮೆಚ್ಚಿದ್ದ ಕವಿಗೆ ಅನ್ನಿಸುತ್ತದೆ! ಆ ಕಾವ್ಯಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 1955ರಲ್ಲಿ ಬಂತು, ಕನ್ನಡಕ್ಕೆ ಮೊದಲ ಜ್ಞಾನಪೀಠ 1967ರದ್ದು. ಪ್ರಶಸ್ತಿಗಳ ಪಟ್ಟಿಯಲ್ಲಿ ವೆಂಕಣ್ಣಯ್ಯನವರ ಹೆಸರಿಲ್ಲ. ಪುಸ್ತಕ ತೆರೆದರೆ ಇದೆ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಕುವೆಂಪು ಬಳಿ ಕಲಿತವರು ಜಿ.ಎಸ್. ಶಿವರುದ್ರಪ್ಪ. ‘ಸೌಂದರ್ಯ ಸಮೀಕ್ಷೆ’ ಎಂಬ ಪಿಎಚ್.ಡಿ. ಪ್ರಬಂಧವನ್ನು ಅವರು ಬರೆದದ್ದು ಕುವೆಂಪು ಮಾರ್ಗದರ್ಶನದಲ್ಲಿ. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿದವರು ಅವರು. ಆ ಕೇಂದ್ರದಲ್ಲಿ ಓದಿದವರಲ್ಲಿ ಕವಿ ಸಿದ್ಧಲಿಂಗಯ್ಯ ಇದ್ದಾರೆ, ವಿಮರ್ಶಕ ಡಿ.ಆರ್. ನಾಗರಾಜ್ ಇದ್ದಾರೆ. ದಲಿತ ಕಾವ್ಯದ ಸಿಡಿಲಿನಂಥ ದನಿಗೆ ವಿಶ್ವವಿದ್ಯಾಲಯದೊಳಗೆ ಜಾಗ ಮಾಡಿಕೊಟ್ಟ ಮೇಷ್ಟರು, ತನ್ನ ಮೇಷ್ಟರಿಂದ, ಅವರು ಅವರ ಮೇಷ್ಟರಿಂದ ಪಡೆದದ್ದನ್ನೇ ಮುಂದೆ ದಾಟಿಸುತ್ತಿದ್ದರು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕವಿತೆ ಒಬ್ಬೊಬ್ಬರದು ಒಂದೊಂದು ದಿಕ್ಕಿಗಿತ್ತು. ದಾಟಿ ಬಂದದ್ದು, ಶಿಷ್ಯನ ಶಕ್ತಿ ಅವನಿಗಿಂತ ಮೊದಲು ತನಗೆ ಕಾಣಿಸಿದಾಗ ಸುಮ್ಮನೆ ಬಿಟ್ಟುಬಿಡಬಾರದು ಎಂಬ ಆ ಗುಣ.

ಇಷ್ಟೆಲ್ಲ ತಿಳಿದ ಮೇಲೆ ನನ್ನನ್ನು ಒಂದು ಆಸೆ ಹಿಡಿದಿದೆ. ಪೆಡರ್ಸನ್‌ಗೆ ಮಿಸ್ ಎ ಸಿಕ್ಕಿದ್ದು ಆ ಶಾಲೆ ಹಳೆಯ ಕಾರ್ಡುಗಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಕರ್ನಾಟಕದಲ್ಲಿ ನೂರು ವರ್ಷ ದಾಟಿದ ಸರ್ಕಾರಿ ಶಾಲೆಗಳು ಎಷ್ಟೊಂದಿವೆ! ಅವುಗಳ ಬೀರುವಿನಲ್ಲಿ ದಾಖಲಾತಿ ಪುಸ್ತಕಗಳಿವೆ. ಹುಟ್ಟಿದ ದಿನಾಂಕಕ್ಕೂ ಜಾತಿ ಪ್ರಮಾಣಪತ್ರಕ್ಕೂ ಜನ ಇವತ್ತಿಗೂ ಅವನ್ನು ತೆಗೆಸುತ್ತಾರೆ. ಮಗುವಿನ ಹೆಸರು, ತಂದೆಯ ಕಸುಬು, ಸೇರಿದ ವರ್ಷ, ಬಿಟ್ಟ ವರ್ಷ, ಎಲ್ಲ ಅಲ್ಲಿದೆ. ಯಾವ ವರ್ಷ ಒಂದನೇ ತರಗತಿಗೆ ಯಾರು ಪಾಠ ಮಾಡಿದರು ಎಂಬುದು ಹಾಜರಿ ಪುಸ್ತಕಗಳಲ್ಲಿ, ನಿವೃತ್ತ ಶಿಕ್ಷಕರ ನೆನಪಿನಲ್ಲಿ ಚದುರಿಕೊಂಡಿದೆ. ಎರಡನ್ನೂ ಜೋಡಿಸಿ, ಕೂಲಿಯವರ ಮಕ್ಕಳು ಯಾವ ಮೇಷ್ಟರ ಕೈಗೆ ಸಿಕ್ಕಾಗ ಎಲ್ಲಿಗೆ ಹೋಗಿ ಮುಟ್ಟಿದರು ಎಂದು ಯಾರಾದರೂ ಹುಡುಕಿದರೆ ಎಷ್ಟು ಮಿಸ್ ಎಗಳು ಎದ್ದು ಬಂದಾರು! ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲಿ ಪ್ರತಿವರ್ಷ ವಿಷಯ ಹುಡುಕುವ ಸಂಶೋಧನಾ ವಿದ್ಯಾರ್ಥಿಗಳೇ, ಇದು ನಿಮ್ಮ ಊರಿನ ಶಾಲೆಯಲ್ಲೇ ಇದೆ.

ಅಷ್ಟರವರೆಗೆ ಕಾಯಬೇಕಿಲ್ಲ. ಈಗ ಊರೂರಿನಲ್ಲಿ ಹತ್ತನೇ ತರಗತಿಯ ಹಳೆಯ ಬ್ಯಾಚುಗಳು ವಾಟ್ಸ್ಯಾಪಿನಲ್ಲಿ ಒಂದುಗೂಡಿ ಗುರುವಂದನೆ ನಡೆಸುತ್ತಿವೆ. ಶಾಲು, ಪೇಟ, ಫಲತಾಂಬೂಲ, ಭಾಷಣ, ಊಟ, ಗುಂಪು ಚಿತ್ರ. ಸಾಮಾನ್ಯವಾಗಿ ಕರೆಯುವುದು ಹೈಸ್ಕೂಲಿನ ಮೇಷ್ಟರುಗಳನ್ನು. ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಮುಂದಿನ ಸಲ ಒಂದನೇ ತರಗತಿಯ ಮೇಡಂ ಎಲ್ಲಿದ್ದಾರೆ ಎಂದೂ ವಿಚಾರಿಸಿ. ಹತ್ತಿರದ ತಾಲ್ಲೂಕಿನಲ್ಲೇ ಮಗನ ಮನೆಯಲ್ಲಿರುತ್ತಾರೆ, ಪಿಂಚಣಿಗೆಂದು ತಿಂಗಳಿಗೊಮ್ಮೆ ಬ್ಯಾಂಕಿಗೆ ಬರುತ್ತಾರೆ. ಕರೆದುಕೊಂಡು ಬನ್ನಿ, ಪಕ್ಕದಲ್ಲಿ ಕೂರಿ, ಫೋನಿನ ರೆಕಾರ್ಡರ್ ಒತ್ತಿ. ಓದಲು ಬಾರದೆ ಅಳುತ್ತಿದ್ದ ಹುಡುಗನಿಗೆ ಏನು ಮಾಡುತ್ತಿದ್ದಿರಿ? ಊಟ ತರದವರಿಗೆ? ತಿಂಗಳುಗಟ್ಟಲೆ ಶಾಲೆ ಬಿಟ್ಟವಳ ಮನೆಗೆ ಹೋಗಿದ್ದಿರಾ, ಹೋಗಿ ಏನು ಹೇಳಿದಿರಿ? ಆಮೇಲೆ ನಿಮ್ಮ ಬ್ಯಾಚಿನವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋಗಿ, ಅವರು ಯಾರು ಯಾರನ್ನು ಗುರುತಿಸುತ್ತಾರೆಂದು ಬರೆದುಕೊಳ್ಳಿ.